ಒಂದೇ ಚೌಕದಲ್ಲಿ ಮೂರು ತಾಲ್ಲೂಕು

ಆಳಂದದಲ್ಲಿ ಧೋ ಎಂದು ಸುರಿದ ಮಿರಗದ ಮಳೆ ಜೇವರ್ಗಿಯಲ್ಲಿ ಹನಿಯನ್ನೂ ಹಾಕಿರುವುದಿಲ್ಲ. ಅಫಜಲಪುರದವರು ತೊಗರಿ ಬೀಜ ಹಿಡಿದು ಇನ್ನೂ ಮುಗಿಲು ನೋಡುತ್ತಿರುತ್ತಾರೆ. ನೇರ ಅಳೆದರೆ ಈ ಮೂರು ಊರುಗಳ ನಡುವೆ 70 ಕಿ.ಮೀ. ಕೂಡ ಇಲ್ಲ. 1990ರ ದಶಕದಲ್ಲಿ ದೆಹಲಿಯ ಕಂಪ್ಯೂಟರಿನಲ್ಲಿ ಓಡುತ್ತಿದ್ದ, ನೆಲವನ್ನು ಚೌಕಗಳಾಗಿ ಹಂಚಿ ಲೆಕ್ಕ ಹಾಕುತ್ತಿದ್ದ ಟಿ-80 ಹವಾಮಾನ ಮಾದರಿಯ ಒಂದು ಚೌಕದ ಅಗಲವೇ ಸುಮಾರು 150 ಕಿ.ಮೀ. ಮೂರೂ ತಾಲ್ಲೂಕು ಒಂದೇ ಚೌಕದಲ್ಲಿ ಹಿಡಿಸುತ್ತಿದ್ದವು. ಚೌಕಕ್ಕೆ ಒಂದೇ ಗಾಳಿ, ಒಂದೇ ತೇವ, ಒಂದೇ ಮಳೆ.

ಚೌಕ ಸಣ್ಣದು ಮಾಡಿದರಾಯಿತಲ್ಲ ಎನ್ನಬಹುದು. ಅಗಲ ಅರ್ಧವಾದರೆ ಚೌಕಗಳು ನಾಲ್ಕು ಪಟ್ಟಾಗುತ್ತವೆ. ಗಾಳಿ ಚೌಕ ದಾಟುವ ಮೊದಲೇ ಲೆಕ್ಕ ಹಾಕಬೇಕಾದ್ದರಿಂದ ಸಮಯದ ಹೆಜ್ಜೆಯೂ ಅರ್ಧವಾಗಬೇಕು. ಒಟ್ಟು ಕೆಲಸ ಎಂಟು ಪಟ್ಟು.

ಈ ಹೊರೆಯನ್ನು ಹಲವು ಪ್ರೊಸೆಸರ್‌ಗಳಿಗೆ ಹಂಚುವ ಪ್ರಯತ್ನ ಬೆಂಗಳೂರಿನಲ್ಲೇ ನಡೆಯಿತು. ರೊದ್ದಂ ನರಸಿಂಹ ನಿರ್ದೇಶಕರಾಗಿದ್ದ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ, ಯು.ಎನ್. ಸಿನ್ಹಾ ಅವರ ತಂಡ ಕಟ್ಟಿದ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ 1986ರಲ್ಲಿ ಕೆಲಸ ಶುರುಮಾಡಿತು. ಮೊದಲ ಯಂತ್ರದಲ್ಲಿದ್ದದ್ದು ನಾಲ್ಕೇ ಪ್ರೊಸೆಸರ್. ಮುಂದೆ ಟಿ-80 ಮಾದರಿಯನ್ನೂ ಫ್ಲೋಸಾಲ್ವರ್ ಮೇಲೆ ಓಡಿಸಿದರು.

ಓಡಿತು, ಸರಿ. ಎಷ್ಟು ಚೆನ್ನಾಗಿ ಓಡಿತು ಎಂದು ಅಳೆಯುವುದು ಹೇಗೆ? ತೊಗರಿ ಹೊಲಕ್ಕೆ ಬನ್ನಿ. ಒಬ್ಬನೇ ಆಳಿಗೆ ಕೊಯ್ಲು 95 ತಾಸು, ರಾಶಿ ಯಂತ್ರದ ಕೆಲಸ 5 ತಾಸು ಎಂದಿಟ್ಟುಕೊಳ್ಳಿ. ನೂರಾಳು ಹಚ್ಚಿದರೆ ಕೊಯ್ಲು ಒಂದು ತಾಸಿನೊಳಗೆ ಮುಗಿದೀತು. ಯಂತ್ರ ಒಂದೇ ಇರುವುದರಿಂದ ಆ ಐದು ತಾಸು ಹಾಗೇ ಉಳಿಯುತ್ತದೆ. ನೂರಾಳಿಗೆ ಕೂಲಿ ಕೊಟ್ಟರೂ ವೇಗ ಹದಿನೇಳು ಪಟ್ಟು ದಾಟದು. 1967ರಲ್ಲಿ ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ದಾಲ್ ಪ್ರೊಸೆಸರ್‌ಗಳ ಬಗ್ಗೆ ಹೇಳಿದ್ದು ಇದನ್ನೇ.

ಹವಾಮಾನದಲ್ಲಿ ಪೇಚು ಇನ್ನೂ ಹೆಚ್ಚು. ಪ್ರತಿ ಹೆಜ್ಜೆಗೂ ಪ್ರೊಸೆಸರ್‌ಗಳು ಲೆಕ್ಕ ಕೊಟ್ಟು-ತೆಗೆದುಕೊಳ್ಳಬೇಕು. ಮೋಡ ಕಟ್ಟಿದ ಚೌಕದವನಿಗೆ ಕೆಲಸ ಜಾಸ್ತಿ, ಉಳಿದವರು ಕೈಕಟ್ಟಿ ಕಾಯುತ್ತಾರೆ. ಕೂಡುವ ಕ್ರಮ ಬದಲಾದರೆ ಕೊನೆಯ ದಶಾಂಶ ಬದಲಾಗಿ, ಕೆಲವು ದಿನಗಳ ಮುಂದಿನ ಮುನ್ಸೂಚನೆಯೇ ಬೇರೆಯಾದೀತು. ಹಾಗಾಗಿ ವೇಗದ ಜೊತೆ ಉತ್ತರವನ್ನೂ ತಾಳೆ ನೋಡಬೇಕು.

ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನಲ್ಲಿ 2024ರಲ್ಲಿ ಬಂದ ‘ಅರ್ಕ’ ಸೂಪರ್‌ಕಂಪ್ಯೂಟರಿನ ಸಾಮರ್ಥ್ಯ 11.77 ಪೆಟಾಫ್ಲಾಪ್ (ಸೆಕೆಂಡಿಗೆ ಎಷ್ಟು ಲೆಕ್ಕ ಎಂಬುದರ ಅಳತೆ). ಪತ್ರಿಕೆಗಳಿಗೆ ಈ ಅಂಕಿ ಇಷ್ಟ. ಆದರೆ ನಿಜವಾದ ಮಾದರಿ ಓಡುವಾಗ ಅದರ ಸಣ್ಣ ಪಾಲಷ್ಟೇ ದಕ್ಕುತ್ತದೆ. ನಾನಾದರೆ ಕೇಳುವುದು ಒಂದೇ: ನಾಳೆಯ ಮಳೆಯ ಲೆಕ್ಕ ಇವತ್ತು ಎಷ್ಟು ಹೊತ್ತಿಗೆ ಮುಗಿಯಿತು?

2025ರ ಮೇ ತಿಂಗಳಲ್ಲಿ ಬಿಡುಗಡೆಯಾದ ಹವಾಮಾನ ಮಾದರಿ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನ ಚೌಕ 6 ಕಿ.ಮೀ. ಈಗ ಆಳಂದ, ಅಫಜಲಪುರ, ಜೇವರ್ಗಿಗೆ ಬೇರೆ ಬೇರೆ ಚೌಕಗಳಿವೆ. ಬದುವಿನ ಆಚೆ ಮಳೆ, ಈಚೆ ಬಿಸಿಲು ಎಂಬುದು ಮಾತ್ರ ಇನ್ನೂ ಒಂದೇ ಚೌಕದೊಳಗಿನ ಜಗಳ.