ಜಾಲದ ಉಪಕರಣಗಳಿಗೆ ಯಜಮಾನನ ಅಧಿಕಾರವೇಕೆ?

ಮುಳವಾಡದಿಂದ ವಿಜಯಪುರದ ಸ್ನೇಹಿತನೊಬ್ಬನಿಗೆ ನಾವು ಕಾಗದ ಬರೆಯುತ್ತೇವೆಂದು ಭಾವಿಸೋಣ. ಲಕೋಟೆಯ ಮೇಲೆ ವಿಳಾಸವನ್ನು ಬರೆದು ಅಂಚೆಯ ಪೆಟ್ಟಿಗೆಗೆ ಹಾಕಿದರೆ ನಮ್ಮ ಕೆಲಸ ಮುಗಿಯಿತು. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಮೊಹರನ್ನೊತ್ತಿ ಚೀಲಕ್ಕೆ ಸೇರಿಸುವುದು, ಬಂದ ಚೀಲವನ್ನು ಬಿಚ್ಚಿ ಅವರವರ ಕಾಗದಗಳನ್ನು ಅವರವರಿಗೆ ತಲಪಿಸುವುದು, ಇವೆಲ್ಲ ಅಂಚೆಯವರ ಹೊಣೆ. ಆದರೆ ಮೊಹರನ್ನು ನಮ್ಮ ಕೈಗೆ ಕೊಡಿರೆಂದಾಗಲಿ, ಚೀಲವನ್ನು ನಾವೇ ಬಿಚ್ಚಿ ನೋಡುತ್ತೇವೆಂದಾಗಲಿ ಕೇಳಿದರೆ ಪೋಸ್ಟ್ ಮಾಸ್ತರರು ಒಪ್ಪುವರೇ?

ನಮ್ಮ ಮೇಜಿನ ಮೇಲಿನ ಗಣಕಯಂತ್ರದೊಳಗಿನ ಏರ್ಪಾಡೂ ಬಹುಮಟ್ಟಿಗೆ ಇಂತಹುದೇ. ಅಲ್ಲಿ ಮಾಸ್ತರರ ಸ್ಥಾನದಲ್ಲಿರುವುದು ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್. ಬ್ರೌಸರು ತಾನು ಹೇಳಬೇಕಾದುದನ್ನು ಕರ್ನೆಲಿಗೆ ಒಪ್ಪಿಸಿ ಸುಮ್ಮನಾಗುತ್ತದೆ. ಕರ್ನೆಲ್ ಅದನ್ನು ಪ್ಯಾಕೆಟ್ ಎಂಬ ಸಣ್ಣ ಪೊಟ್ಟಣಗಳಾಗಿ ವಿಂಗಡಿಸಿ, ಪ್ರತಿಯೊಂದರ ಮೇಲೂ ಕಳುಹಿಸುವವನ ವಿಳಾಸ, ಪಡೆಯುವವನ ವಿಳಾಸ, ಕ್ರಮಸಂಖ್ಯೆ ಮೊದಲಾದವುಗಳನ್ನು ತಾನೇ ಬರೆಯುತ್ತದೆ. ಈ ಮೇಲ್ವಿಳಾಸಕ್ಕೆ ಹೆಡರ್ ಎಂದು ಹೆಸರು. ಜಾಲವನ್ನು ಪರೀಕ್ಷಿಸುವ ಕೆಲವು ಉಪಕರಣಗಳಿಗಾದರೋ ಇಷ್ಟು ಸಾಲದು. ಹೆಡರನ್ನು ತಮ್ಮ ಕೈಯಾರೆ ಬರೆಯಬೇಕೆಂದು ಕೆಲವು ಬಯಸುತ್ತವೆ. ಯಂತ್ರದ ಬಾಗಿಲಲ್ಲಿ ಹಾದುಹೋಗುವ ಸಮಸ್ತ ಪ್ಯಾಕೆಟ್ಟುಗಳನ್ನೂ ನೋಡಬೇಕೆಂದು ಮತ್ತೆ ಕೆಲವು ಬಯಸುತ್ತವೆ. ಮೊದಲನೆಯದಕ್ಕಾಗಿ ಇರುವ ದ್ವಾರವೇ ‘ರಾ ಸಾಕೆಟ್’. ಅದು ಎಲ್ಲರಿಗೂ ತೆರೆದಿದ್ದರೆ ಒಬ್ಬನು ಮತ್ತೊಬ್ಬನ ವಿಳಾಸವನ್ನು ಬರೆದು ಪ್ಯಾಕೆಟ್ ಕಳುಹಿಸಬಹುದು. ಎರಡನೆಯದು ತೆರೆದಿದ್ದರೆ ಅದೇ ಯಂತ್ರವನ್ನು ಬಳಸುವ ಬೇರೊಬ್ಬನ ವ್ಯವಹಾರವನ್ನು ಇಣುಕಿ ನೋಡಬಹುದು. ಆದುದರಿಂದಲೇ ಈ ಎರಡಕ್ಕೂ ಯಜಮಾನನ, ಎಂದರೆ ವಿಂಡೋಸಿನಲ್ಲಿ ಅಡ್ಮಿನಿಸ್ಟ್ರೇಟರನ, ಯುನಿಕ್ಸ್ ಮತ್ತು ಲಿನಕ್ಸುಗಳಲ್ಲಿ ರೂಟ್ ಎಂಬಾತನ ಅಪ್ಪಣೆ ಬೇಕೆಂಬ ಕಟ್ಟಳೆ ಬಂದಿತು.

ಈ ಕಟ್ಟಳೆ ಹುಟ್ಟಿದ ಕಾಲದಲ್ಲಿ ಒಂದೇ ದೊಡ್ಡ ಯಂತ್ರವನ್ನು ಅನೇಕರು ಹಂಚಿಕೊಂಡು ಬಳಸುತ್ತಿದ್ದರು. ಭಾರತದ ವಿದ್ಯಾಸಂಸ್ಥೆಗಳನ್ನು ಜೋಡಿಸಲು 1986ರಲ್ಲಿ ಎರ್ನೆಟ್ ಯೋಜನೆ ಆರಂಭವಾದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರಲ್ಲಿ ಪಾಲುಗೊಂಡಿತ್ತು. ಅಂದಿನ ಯಂತ್ರಶಾಲೆಗಳಲ್ಲಿ ಯಜಮಾನನೂ ಬಳಕೆದಾರನೂ ಬೇರೆಬೇರೆಯಾಗಿದ್ದರು. ಇಂದು ಮನೆಯ ಗಣಕದಲ್ಲಿ ಇಬ್ಬರೂ ಒಬ್ಬನೇ. ಹಾಗಿರುವಲ್ಲಿ ಈ ಕಟ್ಟಳೆ ವ್ಯರ್ಥವಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ‘ಅನುಮತಿಯಿಲ್ಲ’ ಎಂಬ ಸೂಚನೆ ಕಂಡೊಡನೆ ಆಜ್ಞೆಯ ಹಿಂದೆ ‘ಸುಡೊ’ ಎಂದು ಸೇರಿಸಿ ಮುಂದುವರಿಯುವ ಅಭ್ಯಾಸವೂ ಈ ಭಾವನೆಯಿಂದಲೇ ಹುಟ್ಟಿದುದು. ನಮಗೆ ಅದು ಒಪ್ಪಿಗೆಯಲ್ಲ. ಯಜಮಾನನ ಮೇಲೆ ನಮಗೆ ನಂಬಿಕೆಯಿರಬಹುದು. ಆದರೆ ಉಪಕರಣವು ಓದುವುದು ಯಾರೋ ಅಪರಿಚಿತರು ಕಳುಹಿಸಿದ ಪ್ಯಾಕೆಟ್ಟುಗಳನ್ನಲ್ಲವೇ?

ಪಿಂಗ್ ಎಂಬ ಪುಟ್ಟ ಉಪಕರಣವನ್ನೇ ನೋಡೋಣ. ದೂರದ ಯಂತ್ರವನ್ನು ‘ಇದ್ದೀಯಾ?’ ಎಂದು ಕೂಗಿ, ಉತ್ತರ ಬರಲು ಹಿಡಿದ ಕಾಲವನ್ನು ಅಳೆಯುವುದಷ್ಟೇ ಅದರ ಕೆಲಸ. ಇದನ್ನು ಅಮೆರಿಕದ ಮೈಕ್ ಮ್ಯೂಸ್ 1983ರ ಡಿಸೆಂಬರಿನಲ್ಲಿ ರಚಿಸಿದರು. ರಾ ಸಾಕೆಟ್ ಬೇಕಾದುದರಿಂದ, ಯಾರೇ ಓಡಿಸಿದರೂ ಅದು ರೂಟನ ಅಧಿಕಾರದಿಂದಲೇ ನಡೆಯುವಂತೆ ಯುನಿಕ್ಸ್ ಯಂತ್ರಗಳಲ್ಲಿ ಬಹುಕಾಲ ಏರ್ಪಡಿಸಿದ್ದರು. 2022ರಲ್ಲಿ ಫ್ರೀಬಿಎಸ್‌ಡಿ ವ್ಯವಸ್ಥೆಯ ಪಿಂಗಿನಲ್ಲಿ ಒಂದು ದೋಷ ಬಯಲಾಯಿತು. ಬಂದ ಉತ್ತರದೊಳಗಿನ ಹೆಡರಿನ ಉದ್ದವನ್ನು ಸರಿಯಾಗಿ ಲೆಕ್ಕಿಸದೆ, ಮೀಸಲಿಟ್ಟ ಜಾಗವನ್ನು ಮೀರಿ 40 ಬೈಟುಗಳವರೆಗೆ ಅದು ಬರೆದುಬಿಡುತ್ತಿತ್ತು. ಕೂಗಿಗೆ ಓಗೊಡುವ ದೂರದ ಯಂತ್ರವೇ ದುಷ್ಟವಾಗಿದ್ದರೆ ಕೂಗಿದವನಿಗೇ ಅಪಾಯ! ಆದರೆ ಅಲ್ಲಿನ ಪಿಂಗ್ ಅಷ್ಟು ಹೊತ್ತಿಗೆ ಬಿಗಿಯಾದ ಆವರಣವೊಂದರೊಳಗೆ ಕೆಲಸ ಮಾಡುತ್ತಿದ್ದುದರಿಂದ, ಅದರ ಮೂಲಕ ಇಡೀ ಯಂತ್ರವನ್ನು ವಶಪಡಿಸಿಕೊಳ್ಳುವುದು ಸುಲಭವಾಗಿರಲಿಲ್ಲ.

ಚಿಕ್ಕ ಪಿಂಗಿನ ಪಾಡೇ ಇದಾದರೆ ವೈರ್‌ಶಾರ್ಕಿನಂತಹ ದೊಡ್ಡ ಉಪಕರಣದ ಮಾತೇನು? 1998ರಲ್ಲಿ ಈಥೀರಿಯಲ್ ಎಂಬ ಹೆಸರಿನಿಂದ ಹೊರಬಂದು 2006ರಲ್ಲಿ ಹೊಸ ಹೆಸರು ಪಡೆದ ಇದು ನೂರಾರು ಬಗೆಯ ಜಾಲಭಾಷೆಗಳನ್ನು ಬಿಡಿಸಿ ತೋರಿಸುತ್ತದೆ. ಅದಕ್ಕೆ ಬೇಕಾದ ಲಕ್ಷಾಂತರ ಸಾಲುಗಳಲ್ಲಿ ಎಲ್ಲಿ ಯಾವ ತಪ್ಪು ಅಡಗಿದೆಯೋ! ಇದನ್ನು ಬಲ್ಲ ನಿರ್ಮಾಪಕರು ಒಂದು ಜಾಣತನದ ಏರ್ಪಾಡನ್ನು ಮಾಡಿದ್ದಾರೆ. ಪ್ಯಾಕೆಟ್ಟುಗಳನ್ನು ಹಿಡಿಯುವ ಕೆಲಸವನ್ನು ಡಂಪ್‌ಕ್ಯಾಪ್ ಎಂಬ ಪುಟ್ಟ ಕಾರ್ಯಕ್ರಮಕ್ಕೆ ಬೇರ್ಪಡಿಸಿದ್ದಾರೆ. ವಿಶೇಷ ಅಧಿಕಾರ ಅದೊಂದಕ್ಕೆ ಮಾತ್ರ ಸಾಕು; ಬಿಡಿಸಿ ತೋರಿಸುವ ದೊಡ್ಡ ಭಾಗ ಸಾಮಾನ್ಯ ಬಳಕೆದಾರನಾಗಿಯೇ ನಡೆಯುತ್ತದೆ. ವಿಂಡೋಸಿನಲ್ಲಿ ಎನ್‌ಪಿಕ್ಯಾಪ್ ಎಂಬ ಚಾಲಕವು ಹಿಡಿಯುವ ಕೆಲಸಕ್ಕೆ ನೆರವಾಗುತ್ತದೆ. ಅದನ್ನು ಸ್ಥಾಪಿಸಲು ಅಡ್ಮಿನಿಸ್ಟ್ರೇಟರ್ ಬೇಕು. ಆಮೇಲೆ ವೈರ್‌ಶಾರ್ಕನ್ನು ಆತನ ಹೆಸರಿನಲ್ಲಿ ತೆರೆಯುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ರೂಟನ ಅಧಿಕಾರವನ್ನು ಹೀಗೆ ತುಂಡುತುಂಡಾಗಿ ಹಂಚುವ ಸೌಕರ್ಯ ಲಿನಕ್ಸಿಗೆ 1999ರ 2.2ನೆಯ ಆವೃತ್ತಿಯಿಂದ ಬಂದಿತು. 2011ರ 3.0ನೆಯ ಆವೃತ್ತಿಯಲ್ಲಿ, ಪಿಂಗಿನ ಕೂಗಿಗಷ್ಟೇ ಸಾಕಾಗುವ ಕಿರಿದಾದ ದ್ವಾರವನ್ನು ಕರ್ನೆಲ್ಲೇ ಒದಗಿಸಿತು. ಕಿಟಕಿಯೊಂದು ಸಾಕಾಗಿರುವಾಗ ಹೆಬ್ಬಾಗಿಲನ್ನೇಕೆ ತೆರೆಯಬೇಕು?

ಯಂತ್ರದ ಅಪ್ಪಣೆಯಿದ್ದ ಮಾತ್ರಕ್ಕೆ ಅನ್ಯರ ಜಾಲವನ್ನು ಶೋಧಿಸುವ ಹಕ್ಕು ದೊರೆಯದು. ಒಡೆಯನ ಅನುಮತಿಯಿಲ್ಲದೆ ಗಣಕವನ್ನಾಗಲಿ ಜಾಲವನ್ನಾಗಲಿ ಪ್ರವೇಶಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ ವಿರುದ್ಧ. ತಮ್ಮ ಸ್ವಂತ ಲಿನಕ್ಸ್ ಯಂತ್ರವುಳ್ಳವರು ಅದರ ಮೇಲೆಯೇ ಒಂದು ಸಣ್ಣ ಪ್ರಯೋಗ ಮಾಡಬಹುದು. ಎನ್‌ಮ್ಯಾಪ್ ಎಂಬ ಉಪಕರಣವು ಯಂತ್ರದ ಯಾವ ಯಾವ ಪೋರ್ಟುಗಳು ತೆರೆದಿವೆಯೆಂದು ತಿಳಿಸುತ್ತದೆ. 127.0.0.1 ಎಂಬುದು ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ. ಈ ವಿಳಾಸದ ಮೇಲೆ ಎನ್‌ಮ್ಯಾಪನ್ನು ಮೊದಲು ಸಾಮಾನ್ಯ ಬಳಕೆದಾರರಾಗಿ, ಆಮೇಲೆ ರೂಟ್ ಆಗಿ ಓಡಿಸಿರಿ. ಈಚಿನ ಆವೃತ್ತಿಗಳು ಮುಚ್ಚಿದ ಪೋರ್ಟುಗಳ ವಿಚಾರದಲ್ಲಿ ಮೊದಲ ಸಲ ‘ಕನ್-ರೆಫ್ಯೂಸ್ಡ್’ ಎಂದೂ ಎರಡನೆಯ ಸಲ ‘ರಿಸೆಟ್’ ಎಂದೂ ಕಾರಣ ಕೊಡುತ್ತವೆ. ಮುಚ್ಚಿದ ಪೋರ್ಟು ಎರಡು ಸಲವೂ ಒಂದೇ ಬಗೆಯ ಉತ್ತರವನ್ನು ಕೊಟ್ಟಿದೆ. ಮೊದಲ ಸಲ ಅದನ್ನು ಕರ್ನೆಲ್ ಓದಿ ‘ಸಂಪರ್ಕವನ್ನು ನಿರಾಕರಿಸಿದ್ದಾರೆ’ ಎಂದು ತಿಳಿಸಿತು. ಎರಡನೆಯ ಸಲ ಎನ್‌ಮ್ಯಾಪ್ ಆ ಪ್ಯಾಕೆಟ್ಟನ್ನು ತಾನೇ ಬಿಚ್ಚಿ ಓದಿತು.