ಭಯಾನಕದ ಉತ್ತರಭಾಗ: ಒಂದು ಆಂಗ್ಲ ಚಲಚ್ಚಿತ್ರಮಾಲೆಯಲ್ಲಿ ಕಾಲವೂ ಮರಣವೂ

ಜನಮನದಲ್ಲಿ ನೆಲೆಗೊಂಡ ಕೃತಿಯೊಂದಕ್ಕೆ ಉತ್ತರಭಾಗವನ್ನು ರಚಿಸತಕ್ಕವರಿಗೆ ಎರಡು ಅಪಾಯಗಳುಂಟು. ಹಿಂದಿನದನ್ನೇ ಮತ್ತೆ ಹೇಳಿದರೆ ಪುನರುಕ್ತಿ. ಹಿಂದಿನದನ್ನು ತೊರೆದು ನಡೆದರೆ ಉತ್ತರಭಾಗವೆಂಬ ಹೆಸರೇ ಸಲ್ಲದು. ಭವಭೂತಿಯು ಉತ್ತರರಾಮಚರಿತದಲ್ಲಿ ಈ ತೊಡಕನ್ನು ಕಾಲದ ನೆರವಿನಿಂದ ಬಿಡಿಸಿಕೊಂಡನು. ಅಲ್ಲಿ ಮೊದಲನೆಯ ಅಂಕಕ್ಕೂ ಎರಡನೆಯ ಅಂಕಕ್ಕೂ ನಡುವೆ ಹನ್ನೆರಡು ವರ್ಷಗಳು ಸಂದುಹೋಗುತ್ತವೆ. ರಾಮನು ದಂಡಕಾರಣ್ಯವನ್ನು ಮತ್ತೆ ಹೊಕ್ಕಾಗ ತಾನು ಬಲ್ಲ ನೆಲವೇ ಮಾರ್ಪಟ್ಟಿರುವುದನ್ನು ಕಾಣುತ್ತಾನೆ. ಕಳೆದ ಕಾಲವೇ ಅಲ್ಲಿ ಕರುಣಕ್ಕೆ ಆಲಂಬನವಾಗುತ್ತದೆ. ಈ ಅಳತೆಗೋಲನ್ನು ಹಿಡಿದು, ೨೦೨೫ನೆಯ ಇಸವಿಯ ಜೂನ್ ತಿಂಗಳಲ್ಲಿ ತೆರೆಗೆ ಬಂದ ‘ಟ್ವೆಂಟಿ ಏಯ್ಟ್ ಇಯರ್ಸ್ ಲೇಟರ್’ ಎಂಬ ಆಂಗ್ಲ ಚಲಚ್ಚಿತ್ರವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ‘ಇಪ್ಪತ್ತೆಂಟು ವರ್ಷಗಳ ತರುವಾಯ’ ಎಂಬುದು ಆ ಹೆಸರಿನ ಅರ್ಥ.

ಮೊದಲು ಪೂರ್ವವೃತ್ತಾಂತವನ್ನು ಅರಿಯಬೇಕು. ಡ್ಯಾನಿ ಬಾಯ್ಲ್ ನಿರ್ದೇಶಿಸಿ ಅಲೆಕ್ಸ್ ಗಾರ್ಲೆಂಡ್ ಬರೆದ ‘ಟ್ವೆಂಟಿ ಏಯ್ಟ್ ಡೇಸ್ ಲೇಟರ್’ ೨೦೦೨ರಲ್ಲಿ ಪ್ರಕಟವಾಯಿತು. ಪ್ರಯೋಗಶಾಲೆಯ ಚಿಂಪಾಂಜಿಗಳಿಂದ ಹೊರಬಿದ್ದ ‘ರೇಜ್’, ಎಂದರೆ ಕ್ರೋಧ, ಎಂಬ ವೈರಾಣುವು ಕೆಲವೇ ಕ್ಷಣಗಳಲ್ಲಿ ಮನುಷ್ಯನನ್ನು ವಿವೇಕಶೂನ್ಯನಾದ ಹಿಂಸಕನನ್ನಾಗಿ ಮಾಡುತ್ತದೆ. ಜಿಮ್ ಎಂಬ ತರುಣನು ಆಸ್ಪತ್ರೆಯಲ್ಲಿ ಎಚ್ಚತ್ತು, ನಿರ್ಜನವಾದ ಲಂಡನ್ ನಗರದಲ್ಲಿ ಒಬ್ಬನೇ ನಡೆಯುತ್ತಾನೆ. ಆಗ ಸಾಮಾನ್ಯ ಬಳಕೆಯಲ್ಲಿದ್ದ ಸಣ್ಣ ಡಿಜಿಟಲ್ ವಿಡಿಯೋ ಕ್ಯಾಮೆರಾಗಳಿಂದ ಆಂಥನಿ ಡಾಡ್ ಮ್ಯಾಂಟಲ್ ಈ ದೃಶ್ಯಗಳನ್ನು ತೆಗೆದನು. ಬಿಂಬವು ಒರಟಾಗಿದ್ದುದರಿಂದಲೇ ಅದು ಯಾರೋ ಕಣ್ಣಾರೆ ಕಂಡು ದಾಖಲಿಸಿದ ಸಾಕ್ಷ್ಯದಂತೆ ತೋರಿತು. ಇಲ್ಲಿನ ಸ್ಥಾಯಿಭಾವವು ಭಯ. ನಗರದ ಶೂನ್ಯತೆ, ರೋಗಿಗಳ ವೇಗ, ಕೊನೆಗೆ ರೋಗವಿಲ್ಲದ ಸೈನಿಕರ ಕ್ರೌರ್ಯ, ಇವೆಲ್ಲವೂ ಆ ಭಯದ ವಿಭಾವಗಳು. ೨೦೦೭ರಲ್ಲಿ ಹುವಾನ್ ಕಾರ್ಲೋಸ್ ಫ್ರೆಸ್ನಡಿಯೊ ನಿರ್ದೇಶಿಸಿದ ‘ಟ್ವೆಂಟಿ ಏಯ್ಟ್ ವೀಕ್ಸ್ ಲೇಟರ್’ ಅದೇ ಭಾವವನ್ನು ಇನ್ನಷ್ಟು ತೀವ್ರಗೊಳಿಸಿತೇ ಹೊರತು ಬೇರೆ ದಾರಿಯನ್ನು ತುಳಿಯಲಿಲ್ಲ.

ಪೂರ್ವಚಿತ್ರವು ಒಂದು ಋಣವನ್ನು ಉಳಿಸಿಹೋಗಿತ್ತು. ಅದರ ಪೀಡಿತರು ಸತ್ತು ಎದ್ದ ಹೆಣಗಳಲ್ಲ. ರೋಗಕ್ಕೆ ತುತ್ತಾದ ಜೀವಂತ ಮನುಷ್ಯರು. ಆಹಾರವಿಲ್ಲದೆ ಅವರು ಸಾಯುವುದನ್ನು ಆ ಚಿತ್ರವೇ ತೋರಿಸುತ್ತದೆ. ಆದರೂ ಭಯದ ವೇಗದಲ್ಲಿ ನೋಡತಕ್ಕವನಿಗೆ ಅವರ ಮನುಷ್ಯತ್ವವನ್ನು ನೆನೆಯಲು ಬಿಡುವಿರಲಿಲ್ಲ. ಬಾಯ್ಲನೂ ಗಾರ್ಲೆಂಡನೂ ಇಪ್ಪತ್ತಮೂರು ವರ್ಷಗಳ ತರುವಾಯ ಒಟ್ಟಾಗಿ ರಚಿಸಿದ ಚಿತ್ರದ ಮುಖ್ಯ ಕಾರ್ಯವು ಈ ಋಣವನ್ನು ತೀರಿಸುವುದೇ ಆಗಿದೆಯೆಂದು ನಮಗೆ ತೋರುತ್ತದೆ.

ಕಥೆಯಲ್ಲಿ ಬ್ರಿಟನ್ ದೇಶವು ಹೊರಜಗತ್ತಿನಿಂದ ಸಂಪೂರ್ಣವಾಗಿ ಬೇರ್ಪಟ್ಟಿದೆ. ಈಶಾನ್ಯದ ಕಡಲತೀರದಲ್ಲಿರುವ ಹೋಲಿ ಐಲೆಂಡ್ ಎಂಬ ನಡುಗಡ್ಡೆಯಲ್ಲಿ ಒಂದು ಸಣ್ಣ ಸಮುದಾಯವು ಉಳಿದುಕೊಂಡಿದೆ. ಅದನ್ನು ನೆಲಕ್ಕೆ ಸೇರಿಸುವ ದಾರಿಯು ಸಮುದ್ರದ ಇಳಿತದ ಹೊತ್ತಿನಲ್ಲಿ ಮಾತ್ರ ತೆರೆದು, ಭರತದಲ್ಲಿ ಮುಳುಗುತ್ತದೆ. ಇದು ಕಲ್ಪನೆಯಲ್ಲ, ಆ ಸ್ಥಳದ ನಿಜಸ್ಥಿತಿ. ಜನರು ಬಿಲ್ಲುಬಾಣಗಳಿಂದ ತಮ್ಮನ್ನು ಕಾಪಾಡಿಕೊಳ್ಳುತ್ತಾರೆ. ಹೊರಗೆ ಹೋದವನು ಹಿಂದಿರುಗದಿದ್ದರೆ ಅವನನ್ನು ಹುಡುಕಿಕೊಂಡು ಯಾರೂ ಹೋಗಕೂಡದೆಂಬುದು ಅವರ ಕಟ್ಟಳೆ. ಭಯವು ಇಲ್ಲಿ ಆಕಸ್ಮಿಕವಾದ ಭಾವವಾಗಿ ಉಳಿದಿಲ್ಲ. ಊರಿನ ಆಚಾರವಾಗಿದೆ, ಮಕ್ಕಳ ಪಾಠವಾಗಿದೆ.

ಹನ್ನೆರಡು ವರ್ಷದ ಸ್ಪೈಕ್ ಎಂಬ ಬಾಲಕನನ್ನು ತಂದೆಯು ಮೊದಲ ಬೇಟೆಗೆಂದು ನೆಲದ ಕಡೆಗೆ ಕರೆದೊಯ್ಯುತ್ತಾನೆ. ಆ ನಡಿಗೆಯ ಹಿನ್ನೆಲೆಯಲ್ಲಿ ಕಿಪ್ಲಿಂಗನ ‘ಬೂಟ್ಸ್’ ಎಂಬ ಕವನವು ಕೇಳಿಬರುತ್ತದೆ. ಬೋಯರ್ ಯುದ್ಧದ ಸೈನಿಕರ ದಣಿವನ್ನು ಕುರಿತ ಈ ೧೯೦೩ರ ಕವನವನ್ನು ಟೇಲರ್ ಹೋಮ್ಸ್ ಎಂಬ ನಟನು ೧೯೧೫ರಲ್ಲಿ ಧ್ವನಿಮುದ್ರಿಸಿದ್ದನು. ಅದರ ಜೊತೆಗೆ ಹಳೆಯ ಯುದ್ಧಚಿತ್ರಗಳೂ, ಲಾರೆನ್ಸ್ ಒಲಿವಿಯೆಯ ೧೯೪೪ರ ‘ಹೆನ್ರಿ ದಿ ಫಿಫ್ತ್’ ಚಿತ್ರದ ಬಿಲ್ಲಾಳುಗಳೂ ನಡುನಡುವೆ ಮಿಂಚಿಹೋಗುತ್ತವೆ. ವೀರದ ಸಾಮಗ್ರಿಯೆಲ್ಲವೂ ಇದೆ. ಆದರೆ ಇವುಗಳ ನಡುವೆ ನಡೆಯುತ್ತಿರುವವನು ಒಬ್ಬ ಹುಡುಗ. ಹಿಂದಿರುಗಿದ ಮೇಲೆ ಔತಣದಲ್ಲಿ ತಂದೆಯು ಮಗನ ಪರಾಕ್ರಮವನ್ನು ಉತ್ಪ್ರೇಕ್ಷಿಸಿ ಹೊಗಳುತ್ತಾನೆ. ತಾನು ಅಂಜಿದ್ದನೆಂಬುದನ್ನು ಮಗನು ಬಲ್ಲನು. ವೀರವು ಸುಳ್ಳಿನ ಮೇಲೆ ನಿಂತಿದೆಯೆಂಬ ಈ ಅರಿವೇ ಕಥೆಯ ತಿರುವು.

ಕಾಲದ ಚಿಂತನೆಯು ಸಣ್ಣ ವಿವರಗಳಲ್ಲಿಯೂ ಕಾಣುತ್ತದೆ. ಹೇಡ್ರಿಯನ್ನನ ಗೋಡೆಯ ಬಳಿಯಿದ್ದ ಸಿಕಮೋರ್ ಗ್ಯಾಪ್ ಎಂಬಲ್ಲಿನ ಪ್ರಸಿದ್ಧ ವೃಕ್ಷವನ್ನು ೨೦೨೩ರ ಸೆಪ್ಟೆಂಬರಿನಲ್ಲಿ ದುಷ್ಕರ್ಮಿಗಳು ಕಡಿದುಹಾಕಿದರು. ಚಿತ್ರದಲ್ಲಿ ಆ ಮರವು ನಿಂತೇ ಇದೆ. ಆ ಜಗತ್ತಿನ ನಾಗರಿಕತೆಯು ೨೦೦೨ರಲ್ಲಿಯೇ ನಿಂತುಹೋದುದರಿಂದ ಅದನ್ನು ಕಡಿಯಲು ಯಾರೂ ಬರಲಿಲ್ಲ. ನಾಶವಾದ ಲೋಕದಲ್ಲಿ ಉಳಿದ ಮರ, ಉಳಿದ ಲೋಕದಲ್ಲಿ ನಾಶವಾದ ಮರ: ಈ ವೈದೃಶ್ಯವನ್ನು ಚಿತ್ರವು ಮಾತಿಲ್ಲದೆ ಧ್ವನಿಸುತ್ತದೆ.

ಚಿತ್ರದ ಹೃದಯವು ಉತ್ತರಾರ್ಧದಲ್ಲಿದೆ. ರೋಗಗ್ರಸ್ತಳಾದ ತಾಯಿ ಐಲಾಳನ್ನು ಸ್ಪೈಕನು ಊರಿನ ಕಟ್ಟಳೆಯನ್ನು ಮೀರಿ, ಕೆಲ್ಸನ್ ಎಂಬ ವೈದ್ಯನ ಬಳಿಗೆ ಕರೆದೊಯ್ಯುತ್ತಾನೆ. ಹುಚ್ಚನೆಂದು ಹೆಸರಾದ ಈ ವೈದ್ಯನು ಸತ್ತವರ ಮೂಳೆಗಳಿಂದ ಕಂಬಗಳನ್ನೂ ತಲೆಬುರುಡೆಗಳ ಗೋಪುರವನ್ನೂ ಕಟ್ಟಿದ್ದಾನೆ. ದೂರದಿಂದ ಅದು ಜುಗುಪ್ಸೆಯ ಪರಮಾವಧಿ. ಹತ್ತಿರ ಹೋದಾಗ ತಿಳಿಯುವುದೇನೆಂದರೆ, ಪೀಡಿತರು, ಪೀಡಿತರಲ್ಲದವರು ಎಂಬ ಭೇದವಿಲ್ಲದೆ ಎಲ್ಲರ ಮೂಳೆಗಳೂ ಅಲ್ಲಿ ಸಮನಾದ ಗೌರವಕ್ಕೆ ಪಾತ್ರವಾಗಿವೆ. ಹಾದಿಯಲ್ಲಿ ಪೀಡಿತ ಹೆಂಗಸೊಬ್ಬಳು ಹೆರುವಾಗ ಐಲಾ ಅವಳ ಕೈಯನ್ನು ಹಿಡಿದುಕೊಂಡಿದ್ದಳು. ಆ ಒಂದು ಸ್ಪರ್ಶವೇ ಈ ಸ್ಮಾರಕದ ಅರ್ಥಕ್ಕೆ ಪೀಠಿಕೆ. ತಾಯಿಯ ರೋಗವು ಅಸಾಧ್ಯವೆಂದು ತಿಳಿದು, ಅವಳು ಶಾಂತವಾಗಿ ಮರಣವನ್ನು ಒಪ್ಪಿಕೊಂಡ ಮೇಲೆ, ಮಗನು ಅವಳ ಕಪಾಲವನ್ನು ಗೋಪುರದ ತುದಿಗೆ ಏರಿಸಿ ಸೂರ್ಯನ ಕಡೆಗೆ ತಿರುಗಿಸಿಡುತ್ತಾನೆ. ಬೀಭತ್ಸದ ಸಾಮಗ್ರಿಯಿಂದಲೇ ಕರುಣವೂ, ಕರುಣದಿಂದ ಶಾಂತವೂ ಹುಟ್ಟುವ ಈ ಕ್ರಮವು ಗಮನಾರ್ಹವಾದುದು.

ಸ್ಥಳದ ಇತಿಹಾಸವು ಇದಕ್ಕೆ ಇನ್ನೊಂದು ಛಾಯೆಯನ್ನು ಕೊಡುತ್ತದೆ. ಹೋಲಿ ಐಲೆಂಡ್ ಎಂಬುದು ಪ್ರಾಚೀನ ಲಿಂಡಿಸ್‌ಫಾರ್ನ್. ೭೯೩ರಲ್ಲಿ ವೈಕಿಂಗರು ಅಲ್ಲಿಯ ಮಠವನ್ನು ಕೊಳ್ಳೆಹೊಡೆದರು. ೮೭೫ರಲ್ಲಿ ಸಂನ್ಯಾಸಿಗಳು ಸಂತ ಕತ್‌ಬರ್ಟನ ದೇಹಾವಶೇಷವನ್ನು ಹೊತ್ತು ದ್ವೀಪವನ್ನು ಬಿಟ್ಟು ಹೊರಟರು. ಸರ್ವನಾಶದ ನಡುವೆ ಸತ್ತವರನ್ನು ಬಿಡದೆ ಹೊತ್ತ ನೆಲದಲ್ಲಿಯೇ ಮೂಳೆಗಳ ದೇಗುಲದ ಕಥೆಯು ನಡೆಯುತ್ತದೆ. ಇದು ಕರ್ತೃಗಳ ಉದ್ದೇಶವಾಗಿದ್ದರೂ ಇಲ್ಲದಿದ್ದರೂ, ಸಹೃದಯನ ಅನುಭವಕ್ಕೆ ಹೊರತಾಗದು.

ಚಿತ್ರಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. ರಕ್ತಪಾತದ ದೃಶ್ಯಗಳು ಹಲವೆಡೆ ಔಚಿತ್ಯವನ್ನು ಮೀರುತ್ತವೆ. ಕಡೆಯಲ್ಲಿ ವಿಚಿತ್ರವೇಷದ ಗುಂಪೊಂದು ಕುಣಿದು ಕುಪ್ಪಳಿಸಿ ಬರುವುದು, ಆಗತಾನೆ ನೆಲೆಗೊಂಡ ಶಾಂತಕ್ಕೆ ಭಂಗವನ್ನು ತರುತ್ತದೆ. ಆ ಎಳೆಯು ೨೦೨೬ರ ಜನವರಿಯಲ್ಲಿ ಬಂದ, ನಿಯಾ ಡಕಾಸ್ಟಾ ನಿರ್ದೇಶಿಸಿದ ‘ದಿ ಬೋನ್ ಟೆಂಪಲ್’ ಎಂಬ ಮುಂದಿನ ಚಿತ್ರಕ್ಕೆ ಸೇರಿದುದು. ಮುಂದಿನ ಭಾಗಕ್ಕಾಗಿ ಈ ಭಾಗದ ಮುಕ್ತಾಯವನ್ನು ಬಿಟ್ಟುಕೊಟ್ಟುದು ದೋಷವೆಂದೇ ಎಣಿಸಬೇಕು.

ಆದರೂ ಪ್ರಧಾನವಾದ ಗುಣವು ಇದರಿಂದ ಮರೆಯಾಗುವುದಿಲ್ಲ. ಪೂರ್ವಚಿತ್ರವು ಸಾವಿನಿಂದ ಓಡುವುದನ್ನು ತೋರಿಸಿತು. ಉತ್ತರಚಿತ್ರವು ಸತ್ತವರ ಮುಂದೆ ನಿಲ್ಲುವುದನ್ನು ಕಲಿಸುತ್ತದೆ. ಓಡುವವನಿಗೆ ಇಪ್ಪತ್ತೆಂಟು ದಿನಗಳು ಸಾಕು. ನಿಲ್ಲುವುದಕ್ಕೆ ಒಂದು ತಲೆಮಾರು ಬೇಕಾಯಿತು.