ನೆಲ ಮುಟ್ಟದ ಗೋಡೆ

ಅಮೆರಿಕದ ಡೆನ್ವರ್ ಸುತ್ತಮುತ್ತ ನೆಲಮಾಳಿಗೆಯಲ್ಲಿ ಕೋಣೆ ಮಾಡಿಕೊಳ್ಳುವವರಿಗೆ ಬಡಗಿಗಳು ಮೊದಲು ಹೇಳುವ ಮಾತು: ಗೋಡೆಯನ್ನು ನೆಲದ ಮೇಲೆ ನಿಲ್ಲಿಸಬೇಡಿ. ಅಡ್ಡಗೋಡೆಯ ಮರದ ಚೌಕಟ್ಟು ಮೇಲಿನ ತೊಲೆಗಳಿಂದ ತೂಗುತ್ತದೆ. ಕೆಳಗೆ ಒಂದೂವರೆಯಿಂದ ಮೂರು ಇಂಚು ಜಾಗ ಖಾಲಿ. ಇದಕ್ಕೆ ತೇಲುಗೋಡೆ ಎಂದು ಹೆಸರು.

ಇದೆಲ್ಲ ಮಣ್ಣಿನ ಕಾಟದಿಂದ ಬಂದದ್ದು. ರಾಕಿ ಪರ್ವತಗಳ ಪೂರ್ವದ ಬುಡದಲ್ಲಿ ಹಲವೆಡೆ ಬೆಂಟೊನೈಟ್ ಜೇಡಿ ಇದೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ನಮ್ಮ ಗದಗ, ಧಾರವಾಡದ ಎರೆಮಣ್ಣಿನ ಸ್ವಭಾವವೂ ಇದೇ. ಬೇಸಿಗೆಯಲ್ಲಿ ಎರೆಹೊಲದ ಬಿರುಕು ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ನೆಲಮಾಳಿಗೆಯ ಕಾಂಕ್ರೀಟ್ ಹಾಸು ಮಣ್ಣಿನ ಮೇಲೆ ಸುಮ್ಮನೆ ಕುಳಿತಿರುತ್ತದೆ, ಮಣ್ಣು ಎದ್ದರೆ ತಾನೂ ಏಳುತ್ತದೆ. ಅದರ ಮೇಲೆ ಬಿಗಿಯಾಗಿ ನಿಂತ ಗೋಡೆ ಜಾಕಿಯಂತೆ ಮನೆಯನ್ನೇ ಎತ್ತುತ್ತದೆ. ಕೆಳಗಿನ ತಪ್ಪು ಗೊತ್ತಾಗುವುದು ಮೇಲೆ, ಅಡುಗೆಮನೆಯ ಬಾಗಿಲು ಮುಚ್ಚದಾದಾಗ.

ನನಗೆ ಕೆಲಸ ತೋರಿಸಿದ ಹಿರಿಯ ಬಡಗಿ ಮೊದಲು ನೆಲಕ್ಕೆ ಒಂದು ಮರದ ಪಟ್ಟಿ ಕೂರಿಸಿದರು. ಕಾಂಕ್ರೀಟ್ ತೇವ ಹೀರಿ ಮರ ಕೊಳೆಸುತ್ತದೆ, ಹಾಗಾಗಿ ಅದು ಔಷಧಿ ಉಣಿಸಿದ ಮರ. ಅನೇಕರು ಇಲ್ಲಿ ಮದ್ದಿನ ತೋಟಾ ಸಿಡಿಸಿ ಮೊಳೆ ಹೊಡೆಯುವ ಯಂತ್ರ ಬಳಸುತ್ತಾರೆ. ಬೇಗ ಮುಗಿಯುತ್ತದೆ, ಆದರೆ ಹಾಸಿನ ಅಂಚಿನಲ್ಲಿ ಚಕ್ಕೆ ಏಳುವುದುಂಟು. ಇವರಿಗೆ ಅದರ ಸದ್ದೇ ಆಗದು. ಹ್ಯಾಮರ್ ಡ್ರಿಲ್‌ನಿಂದ ತೂತು ಕೊರೆದು, ದೂಳು ಊದಿ, ನೀಲಿ ಬಣ್ಣದ ಕಾಂಕ್ರೀಟ್ ಸ್ಕ್ರೂ ತಿರುಗಿಸುತ್ತಾರೆ. ದೂಳು ಉಳಿದರೆ ಸ್ಕ್ರೂ ಪೂರ್ತಿ ಇಳಿಯುವುದಿಲ್ಲ.

ಆಮೇಲೆ ಬಂತು ಆರಿಂಚಿನ ಮೊಳೆ. ತೂಗುವ ಚೌಕಟ್ಟಿನ ಕೆಳಪಟ್ಟಿಯಲ್ಲಿ ಮೊಳೆಗಿಂತ ತುಸು ದೊಡ್ಡ ತೂತು. ಅದರೊಳಗಿಂದ ಇಳಿದ ಮೊಳೆ ನೆಲದ ಪಟ್ಟಿಯನ್ನು ಕಚ್ಚುತ್ತದೆ. ಗೋಡೆ ಅತ್ತಿತ್ತ ಓಲಾಡದಂತೆ ಹಿಡಿಯುತ್ತದೆ. ನೆಲ ಎದ್ದರೆ ತೂತಿನಲ್ಲಿ ತಾನೂ ಜಾರಿ ಮೇಲೇರುತ್ತದೆ. "ಬಿಗಿ ಬೇಡ, ಬಿಗಿದರೆ ಕೆಟ್ಟಿತು" ಎಂದು ಅವರು ಮೊಳೆಯನ್ನು ಬೆರಳಲ್ಲಿ ಅಲ್ಲಾಡಿಸಿ ತೋರಿಸಿದರು. ಬಡಗಿತನವೆಂದರೆ ಬಿಗಿಯುವುದೇ ಎಂದು ನಂಬಿದ್ದ ನನಗೆ ಈ ಸಡಿಲವೇ ಬೆರಗು.

ಅವರಿಗೆ ಕೋಪ ಬರುವುದು ಬಾಗಿಲ ಚೌಕಟ್ಟನ್ನು ನೆಲಕ್ಕೆ ತಾಗಿಸುವವರ ಮೇಲೆ, ಅದಕ್ಕಿಂತ ಹೆಚ್ಚು ಖಾಲಿ ಜಾಗ ಮುಚ್ಚುವ ಅಂಚುಪಟ್ಟಿಗೆ ಮೇಲೂ ಕೆಳಗೂ ಮೊಳೆ ಹೊಡೆಯುವವರ ಮೇಲೆ. ಅಂಚುಪಟ್ಟಿ ಎರಡರಲ್ಲಿ ಒಂದಕ್ಕೆ ಮಾತ್ರ ಅಂಟಬೇಕು. ಇಲ್ಲವಾದರೆ ಅಷ್ಟು ನಾಜೂಕಾಗಿ ಬಿಟ್ಟ ಜಾಗವೂ ದಂಡ.

ಡೆನ್ವರ್ ಇರುವ ಕೊಲೊರಾಡೊ ರಾಜ್ಯದಲ್ಲಿ 1984ರಿಂದ ಒಂದು ಕಾನೂನಿದೆ. ಹೊಸ ಮನೆ ಮಾರುವವರು ಮಾರಾಟ ಮುಗಿಯುವುದಕ್ಕೆ ಕನಿಷ್ಠ 14 ದಿನ ಮೊದಲು ಮಣ್ಣಿನ ಪರೀಕ್ಷೆಯ ಸಾರಾಂಶ ಕೊಡಬೇಕು. ಉಬ್ಬುವ ಮಣ್ಣಾದರೆ ಅದರ ತೊಂದರೆ ತಿಳಿಸುವ ಪುಸ್ತಿಕೆಯನ್ನೂ. ನಮ್ಮ ಎರೆನಾಡಿನ ಸೈಟುಗಳಿಗೂ ಇಂಥದ್ದೊಂದು ಇದ್ದಿದ್ದರೆ!

ಆದರೆ ಮನೆ ಕೈ ಬದಲಾದಂತೆ ಪುಸ್ತಿಕೆ ಕಳೆದುಹೋಗುತ್ತದೆ. ಹೊಸ ಮಾಲೀಕರಿಗೆ ಕೆಳಗಿನ ಸಂದು ಹಳೆಯ ಬಡಗಿಯ ಸೋಮಾರಿತನದಂತೆ ಕಂಡು, ಮರದ ತುಂಡು ತುರುಕಿ ಮುಚ್ಚುತ್ತಾರೆ. ಮಣ್ಣು ತೀರ ಕೆಟ್ಟಿರುವ ಕಡೆ ಈಗ ನೆಲಮಾಳಿಗೆಯ ನೆಲವನ್ನೇ ಮಣ್ಣಿಗೆ ತಾಗದಂತೆ ಎತ್ತರಿಸಿ ಕಟ್ಟುವುದೂ ಇದೆ. ಅಲ್ಲಿ ಗೋಡೆ ತೇಲಬೇಕಿಲ್ಲ. ಅದು ಒಳ್ಳೆಯದೇ ಎಂದು ಹಿರಿಯರು ಒಪ್ಪುತ್ತಾರೆ. ಆರಿಂಚಿನ ಮೊಳೆಯ ಪೆಟ್ಟಿಗೆಯನ್ನು ಮಾತ್ರ ವ್ಯಾನಿನಿಂದ ಇನ್ನೂ ಇಳಿಸಿಲ್ಲ.